ಪರೀಕ್ಷೆ ಹಾಲ್ ಒಳಗೆ ಬೇರ್ ಆಕ್ಟ್ ಬಿಡಿ: ಕಾನೂನು ಪ್ರಶ್ನೆಪತ್ರಿಕೆ ಬರೆಯುವ ಗುರುಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ ಕಾನೂನು ಶಿಕ್ಷಣದ ಪಠ್ಯಕ್ರಮ ಸಮಿತಿಗಳ ಸದಸ್ಯರಿಗೆ ಮತ್ತು ಪ್ರಶ್ನೆಪತ್ರಿಕೆ ತಯಾರಿಸುವ ಎಲ್ಲ ಗುರುಗಳಿಗೆ,

ನಮಸ್ಕಾರ.

ಎಲ್‌ಎಲ್‌ಬಿ ಮುಗಿಸಿದವರು ವಕೀಲಿಕೆ ಮುಂದುವರಿಸಬೇಕಾದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಡೆಸುವ ಎಐಬಿಇ, ಅಂದರೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆಗೆ ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲ ಪಾಠ ಮಾತ್ರ ಇರುವ ಪುಸ್ತಕ ಒಯ್ಯಬಹುದು. ಅದರಲ್ಲಿ ಟಿಪ್ಪಣಿ, ವಿವರಣೆ ಇರಬಾರದು, ಅಷ್ಟೆ. ಅದೇ ಬೇರ್ ಆಕ್ಟನ್ನು ಕಾಲೇಜಿನ ಸೆಮಿಸ್ಟರ್ ಪರೀಕ್ಷೆಗೆ ಒಯ್ದು ನೋಡಿ. ಸ್ಕ್ವಾಡ್ ಬರುತ್ತದೆ, ಡಿಬಾರ್ ಆಗುತ್ತೀರಿ. ವಕೀಲನಾಗಲು ಲಾಯಕ್ಕೇ ಎಂದು ನೋಡುವಾಗ ಪುಸ್ತಕ ತೆರೆಯಬಹುದು, ವಕೀಲಿಕೆ ಕಲಿಯುವಾಗ ತೆರೆಯಬಾರದು. ಎಂಥ ವಿಚಿತ್ರ ಅಲ್ವಾ?

ನಾನು ಮಲೆನಾಡಿನವಳು. ಪಿಯುಸಿವರೆಗೆ ಕನ್ನಡ ಮೀಡಿಯಂ. ನಮ್ಮ ಕಡೆಯ ಕಾಲೇಜಿನಲ್ಲೇ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದೆ. ತಾಲ್ಲೂಕು ಕೋರ್ಟಿನಲ್ಲಿ ಒಬ್ಬ ಸೀನಿಯರ್ ಹತ್ತಿರ ಜೂನಿಯರ್ ಆಗಿದ್ದೆ. ಆಮೇಲೆ ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತು, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಎಲ್‌ಎಲ್‌ಎಂ ಓದಿದೆ. ಈಗ ಮತ್ತೆ ಅದೇ ಕೋರ್ಟಿನಲ್ಲಿದ್ದೇನೆ.

ವಾಪಸ್ ಬಂದಮೇಲೆ ಸಿಕ್ಕವರೆಲ್ಲ ಕೇಳುವುದು ಖರ್ಚಿನ ಬಗ್ಗೆ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ಇಲ್ಲ. ಆದರೆ ಹೈಡೆಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯುರೋ ತೆಗೆದುಕೊಳ್ಳುತ್ತದೆ. ವೀಸಾ ಬೇಕೆಂದರೆ ಒಂದು ವರ್ಷದ ಜೀವನದ ಖರ್ಚು 11,904 ಯುರೋವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಇಟ್ಟು ತೋರಿಸಬೇಕು. ನಮ್ಮ ಅಂಕಪಟ್ಟಿ ಅಸಲಿಯೇ ಎಂದು ತಪಾಸಣೆ ಮಾಡುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ. ಇಷ್ಟೆಲ್ಲ ಮಾಡಿ ತಂದ ಎಲ್‌ಎಲ್‌ಎಂನಿಂದ ಅಲ್ಲಿ ವಕೀಲಿಕೆ ಮಾಡಲು ಬರುವುದಿಲ್ಲ. ಅದಕ್ಕೆ ಅಲ್ಲಿಯ ಎರಡು ರಾಜ್ಯ ಪರೀಕ್ಷೆ ಬೇಕು, ನಡುವೆ ಎರಡು ವರ್ಷದ ತರಬೇತಿ ಬೇಕು. ಸಾಲ ಮಾಡಿ ಹೋಗಬೇಕೆಂದಿರುವವರು ಇದನ್ನು ತಿಳಿದುಕೊಂಡೇ ಹೋಗಲಿ.

ನಾನು ಈ ಪತ್ರ ಬರೆಯುತ್ತಿರುವುದು ಅಲ್ಲಿಯ ಪರೀಕ್ಷೆಯ ಬಗ್ಗೆ. ಅದನ್ನು ಇಲ್ಲಿಗೆ ತರಲು ವೀಸಾ ಬೇಡ, ಯುರೋನೂ ಬೇಡ. ನೀವು ಮನಸ್ಸು ಮಾಡಿದರೆ ಸಾಕು.

ಅಲ್ಲಿಯ ಕಾನೂನು ಹುಡುಗರನ್ನು ದೂರದಿಂದಲೇ ಗುರುತಿಸಬಹುದು. ಬಗಲಲ್ಲಿ ಇಟ್ಟಿಗೆಯಷ್ಟು ದಪ್ಪದ ಕೆಂಪು ಪುಸ್ತಕ ಇರುತ್ತದೆ. ಸಿವಿಲ್ ಸಂಹಿತೆ, ದಂಡ ಸಂಹಿತೆ, ಪ್ರಕ್ರಿಯಾ ಸಂಹಿತೆಗಳು ಎಲ್ಲ ಅದರಲ್ಲೇ. ಹಾಳೆಗಳನ್ನು ಬಿಡಿಸಿ ಹಾಕುವಂಥ ಪುಸ್ತಕ ಅದು. ಕಾನೂನು ತಿದ್ದುಪಡಿಯಾದ ಹಾಗೆಲ್ಲ ಹೊಸ ಹಾಳೆಗಳ ಕಟ್ಟು ಬರುತ್ತದೆ, ಹಳೆಯದು ತೆಗೆದು ಹೊಸದು ಸೇರಿಸುತ್ತಾ ಕೂರಬೇಕು. ತಲೆಮಾರುಗಳಿಂದ ಅದಕ್ಕೆ, ಅದನ್ನು ಮೊದಲು ಸಂಪಾದಿಸಿದವನ ಹೆಸರಿನಿಂದ, ಶೋನ್‌ಫೆಲ್ಡರ್ ಎಂದೇ ಹೆಸರು. ಆ ಮನುಷ್ಯ ನಾಜಿ ಪಕ್ಷದ ಸದಸ್ಯನಾಗಿದ್ದ ಎನ್ನುವ ಕಾರಣಕ್ಕೆ 2021ರಲ್ಲಿ ಪ್ರಕಾಶಕರು ಹೆಸರು ಬದಲಿಸಿ ಹಾಬರ್‌ಸಾಕ್ ಎಂದು ಮಾಡಿದರು. ಹುಡುಗರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಓಡುತ್ತಿತ್ತು.

ಆ ಪುಸ್ತಕ ಪರೀಕ್ಷೆಯ ದಿನವೂ ಮೇಜಿನ ಮೇಲೆ ಇರುತ್ತದೆ. ಅದರ ಅಂಚಿನಲ್ಲಿ ಏನಾದರೂ ಗೀಚಿರಬಹುದೋ ಬಾರದೋ ಎನ್ನುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪುಸ್ತಕವೇ ಬೇಡ ಎನ್ನುವವರು ಯಾರೂ ಇಲ್ಲ. ಕಾನೂನು ಪರೀಕ್ಷೆಗೆ ಕಾನೂನು ಪುಸ್ತಕ ತರದೆ ಏನು ಬರೆಯುತ್ತೀರಿ ಎಂದು ಅಲ್ಲಿಯ ಗೆಳತಿಯೊಬ್ಬಳು ನನ್ನನ್ನು ಕೇಳಿದಳು. ತಮಾಷೆಗಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು.

ಪುಸ್ತಕ ಕೊಟ್ಟಮೇಲೆ 'ಕರಾರು ಎಂದರೇನು, ಅದರ ಅಗತ್ಯ ಅಂಶಗಳನ್ನು ವಿವರಿಸಿ' ಎಂದು ಕೇಳಿ ಪ್ರಯೋಜನವಿಲ್ಲವಲ್ಲ. ಹಾಗಾಗಿ ಕತೆ ಕೊಡುತ್ತಾರೆ. ಒಂದು ಪುಟ, ಒಂದೂವರೆ ಪುಟದ ಕತೆ. ಕೊನೆಯಲ್ಲಿ ಒಂದೇ ಪ್ರಶ್ನೆ: ಎ ಎಂಬುವವನು ಬಿ ಎಂಬುವವಳಿಂದ ಹಣ ಕೇಳಬಹುದೇ? ಅಷ್ಟೇ. ಮೊದಲ ವರ್ಷದವರಿಗೆ ಎರಡು ಗಂಟೆ ಕೊಟ್ಟರೆ, ರಾಜ್ಯ ಪರೀಕ್ಷೆಯಲ್ಲಿ ಒಂದೊಂದು ಪತ್ರಿಕೆಗೆ ಐದೈದು ಗಂಟೆ.

ಸಿವಿಲ್ ಕಾನೂನಿನ ಸಣ್ಣ ಗುಂಪಿನ ತರಗತಿಗಳಲ್ಲಿ ಮೊದಲ ವರ್ಷದ ಹುಡುಗರ ಜೊತೆ ನಾನೂ ಕೂರುತ್ತಿದ್ದೆ. ಅಲ್ಲಿ ಬಂದ ಒಂದು ಕತೆ ಹೇಳುತ್ತೇನೆ. ಜರ್ಮನಿಯಲ್ಲಿ ಇದು ಗೊತ್ತಿಲ್ಲದ ಕಾನೂನು ವಿದ್ಯಾರ್ಥಿ ಇಲ್ಲ. ಟ್ರಿಯರ್ ಎಂಬ ಊರಲ್ಲಿ ವೈನ್ ಹರಾಜು ನಡೆಯುತ್ತಿದೆ. ಆ ಊರಿಗೆ ಹೊಸಬನೊಬ್ಬ ಒಳಗೆ ಬರುತ್ತಾನೆ. ಆಚೆ ಬದಿಯಲ್ಲಿ ಗೆಳೆಯ ಕಾಣುತ್ತಾನೆ. ಇವನು ಕೈ ಎತ್ತಿ ಬೀಸುತ್ತಾನೆ. ಅಲ್ಲಿ ಕೈ ಎತ್ತುವುದೆಂದರೆ ಬಿಡ್ ಏರಿಸುವುದು. ಹರಾಜುಗಾರ ಸುತ್ತಿಗೆ ಬಡಿದೇ ಬಿಡುತ್ತಾನೆ. ಈಗ ಇವನು ವೈನ್ ತಗೊಂಡು ದುಡ್ಡು ಕೊಡಬೇಕೋ ಬೇಡವೋ?

ಇದು ನಿಜವಾಗಿ ನಡೆದ ಕೇಸಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಒಬ್ಬ ಕಾನೂನು ಪಂಡಿತ ಕಟ್ಟಿದ ಕತೆ. ಇವತ್ತಿಗೂ ಅದರ ಮೇಲೆ ಜಗಳ ಆಡುತ್ತಾರೆ. ಅವನಿಗೆ ಕೊಳ್ಳುವ ಮನಸ್ಸೇ ಇರಲಿಲ್ಲ, ಹಾಗಾಗಿ ಒಪ್ಪಂದವೇ ಹುಟ್ಟಲಿಲ್ಲ ಎನ್ನುವವರು ಒಂದು ಕಡೆ. ಕೈ ಎತ್ತಿದರೆ ಬಿಡ್ ಎಂದುಕೊಳ್ಳುತ್ತಾರೆ ಎಂಬುದು ಸ್ವಲ್ಪ ಎಚ್ಚರ ಇದ್ದಿದ್ದರೆ ಅವನಿಗೆ ಗೊತ್ತಾಗುತ್ತಿತ್ತು, ಹಾಗಾಗಿ ಒಪ್ಪಂದ ಹುಟ್ಟಿದೆ ಎನ್ನುವವರು ಇನ್ನೊಂದು ಕಡೆ. ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ 1984ರ ಒಂದು ತೀರ್ಪಿನಲ್ಲಿ ಎರಡನೆಯ ದಾರಿ ಹಿಡಿಯಿತು. ಆಮೇಲೂ ಕತೆ ಮುಗಿಯುವುದಿಲ್ಲ. ತಪ್ಪಾಗಿ ನಡೆದದ್ದು ಎಂದು ಸಿವಿಲ್ ಸಂಹಿತೆಯ 119ನೇ ಕಲಮಿನಡಿ ಅವನು ಆ ಒಪ್ಪಂದವನ್ನು ರದ್ದು ಮಾಡಬಹುದು. ರದ್ದು ಮಾಡಿದರೆ, ಅವನನ್ನು ನಂಬಿ ಕೆಟ್ಟವರ ನಷ್ಟವನ್ನು 122ನೇ ಕಲಮಿನಡಿ ತುಂಬಿಕೊಡಬೇಕು.

ಗಮನಿಸಿ, ಇದೇ ಕತೆಯನ್ನು ನಮ್ಮ 1872ರ ಕರಾರು ಕಾಯ್ದೆ ಇಟ್ಟುಕೊಂಡೂ ಬಿಡಿಸಬಹುದು. ಇಬ್ಬರೂ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿರಬೇಕು ಎಂದು 13ನೇ ಕಲಂ ಹೇಳುತ್ತದೆ. ಒಬ್ಬನೇ ತಪ್ಪು ತಿಳಿದಿದ್ದ ಎನ್ನುವ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕಲಾಗದು ಎಂದು 22ನೇ ಕಲಂ ಹೇಳುತ್ತದೆ. ಕೈ ಬೀಸಿದವನ ಕಡೆ ಯಾವುದು? ಹರಾಜುಗಾರನ ಕಡೆ ಯಾವುದು? ಎಲ್‌ಎಲ್‌ಬಿಯಲ್ಲಿ ಈ ಎರಡೂ ಕಲಮುಗಳನ್ನು ನಾವು ಬಾಯಿಪಾಠ ಮಾಡಿದ್ದೆವು. ಒಂದರ ಎದುರು ಇನ್ನೊಂದನ್ನು ನಿಲ್ಲಿಸಿ ನೋಡುವ ಸಂದರ್ಭ ಮಾತ್ರ ಬರಲಿಲ್ಲ.

ಉತ್ತರ ಬರೆಯುವುದಕ್ಕೂ ಅಲ್ಲಿ ಒಂದು ಕಟ್ಟುನಿಟ್ಟಾದ ಕ್ರಮ ಇದೆ. ಯಾರು, ಯಾರಿಂದ, ಏನನ್ನು, ಯಾವ ಕಲಮಿನ ಬಲದ ಮೇಲೆ ಕೇಳುತ್ತಿದ್ದಾರೆ ಎಂದು ಮೊದಲು ಹೇಳಬೇಕು. ಆ ಕಲಮಿನ ಷರತ್ತುಗಳನ್ನು ಒಂದೊಂದಾಗಿ ಎತ್ತಿಕೊಳ್ಳಬೇಕು. ಷರತ್ತಿನ ಅರ್ಥ ಏನು, ಕತೆಯ ಯಾವ ಸಂಗತಿ ಅದಕ್ಕೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ. ಇಷ್ಟೆಲ್ಲ ಆದಮೇಲೆ ತೀರ್ಮಾನ. ತೀರ್ಮಾನ ನಿಮ್ಮದು ಬೇರೆ, ಪರೀಕ್ಷಕರದ್ದು ಬೇರೆ ಇರಬಹುದು. ಅಂಕ ಕೊಡುವುದು ನೀವು ಅಲ್ಲಿಗೆ ತಲುಪಿದ ದಾರಿಗೆ. ಕತೆಗೆ ಬೇಡದ ವ್ಯಾಖ್ಯಾನವನ್ನು ಸುಮ್ನೆ ಬರೆದು ಪುಟ ತುಂಬಿಸಿದರೆ ಪಕ್ಕದಲ್ಲಿ 'ಇದು ಇಲ್ಲಿ ಬೇಕಿಲ್ಲ' ಎಂದು ಬರುತ್ತದೆ. ಅಡಿಷನಲ್ ಶೀಟ್ ಎಷ್ಟು ತಗೊಂಡೆ ಎಂದು ಹೆಮ್ಮೆ ಪಡುವ ನಮ್ಮ ಅಭ್ಯಾಸಕ್ಕೆ ಅಲ್ಲಿ ಬೆಲೆ ಇಲ್ಲ.

ಈಗ ನಮ್ಮ ಕಡೆ ನೋಡೋಣ. ನಮ್ಮ ಪ್ರಶ್ನೆಪತ್ರಿಕೆಯಲ್ಲೂ 'ಸಮಸ್ಯೆ ಬಿಡಿಸಿ' ಎಂಬ ಭಾಗ ಇದೆ, ನಿಜ. ಆದರೆ ಅದರ ಪಾಲಿನ ಅಂಕ ಕಮ್ಮಿ. ಅದರಲ್ಲೂ ಬರುವ ಸಮಸ್ಯೆ ಯಾವುದು? ಔಷಧಿ ಕಂಪನಿಯೊಂದು ಜಾಹೀರಾತು ಕೊಟ್ಟಿತು, ಗುಳಿಗೆ ತಗೊಂಡವನಿಗೂ ಶೀತ ಬಂತು, ಬಹುಮಾನ ಸಿಗುತ್ತದೆಯೇ? ಇದು 1893ರ ಕಾರ್ಲಿಲ್ ಕೇಸು, ಹೆಸರು ಮಾತ್ರ ಬದಲು. ಅಪ್ರಾಪ್ತ ವಯಸ್ಕ ಮನೆ ಅಡ ಇಟ್ಟ ಎಂದರೆ 1903ರ ಮೊಹೊರಿ ಬೀಬಿ. ಹೆಂಡತಿಗೆ ತಿಂಗಳಿಗೆ ಇಷ್ಟು ಕಳಿಸುತ್ತೇನೆ ಎಂದ ಗಂಡ ಎಂದರೆ 1919ರ ಬಾಲ್ಫರ್. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಇಂಪಾರ್ಟೆಂಟ್ ಕ್ವೆಶ್ಚನ್ಸ್ ಕಟ್ಟಿನಲ್ಲಿ ಉತ್ತರ ಸಮೇತ ಇವೆಲ್ಲ ಇರುತ್ತವೆ. ಅದು ಸಮಸ್ಯೆ ಬಿಡಿಸಿದಂತಲ್ಲ, ಕೇಸಿನ ಹೆಸರು ಗುರುತಿಸಿದಂತೆ.

ಕೋರ್ಟಿಗೆ ಬಂದರೆ ಇದು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಕಕ್ಷಿದಾರರು ಬಂದು 'ಸಹದಾಯಾದಿ ಆಸ್ತಿಯ ಲಕ್ಷಣಗಳನ್ನು ವಿವರಿಸಿ' ಎನ್ನುವುದಿಲ್ಲ. 'ಅಪ್ಪ ತೀರಿಕೊಂಡ್ರು, ಅಣ್ಣ ಜಮೀನು ತನ್ನ ಹೆಸರಿಗೆ ಖಾತೆ ಮಾಡಿಸ್ಕೊಂಡಿದಾನೆ, ನಾನು ಮದುವೆಯಾಗಿ ಹೋದವಳು, ನಂಗೆ ಪಾಲು ಬರತ್ತಾ?' ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಹೇಳಬೇಕಾದರೆ ನಾವೇ ತಿರುಗಿ ಕೇಳಬೇಕಾದ ಪ್ರಶ್ನೆಗಳಿವೆ. ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ? ಅಪ್ಪ ಉಯಿಲು ಬರೆದಿದ್ದಾರಾ? 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಪಾಲು ಆಗಿತ್ತಾ? ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ 1994ರಲ್ಲಿ ನಮ್ಮ ರಾಜ್ಯವೇ ತಿದ್ದುಪಡಿ ತಂದಿತ್ತು, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, 2020ರಲ್ಲಿ ಸುಪ್ರೀಂ ಕೋರ್ಟಿನ ವಿನೀತಾ ಶರ್ಮ ತೀರ್ಪು ಬಂತು. ಇವನ್ನೆಲ್ಲ ಆ ಹೆಣ್ಣುಮಗಳ ಕತೆಗೆ ಹೊಂದಿಸುವುದೇ ವಕೀಲಿಕೆ. ಈ ಹೊಂದಿಸುವ ಕೆಲಸವನ್ನು ಕಾಲೇಜಿನಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ಹಾಗಾಗಿ ಯಾರೂ ಕಲಿಯುವುದೂ ಇಲ್ಲ. ಸೀನಿಯರ್ ಆಫೀಸಿನಲ್ಲಿ ಬೈಸಿಕೊಂಡು ಕಲಿಯುತ್ತೇವೆ. ಒಳ್ಳೆಯ ಸೀನಿಯರ್ ಸಿಗದವರು ಕಲಿಯುವುದೇ ಇಲ್ಲ.

ಇನ್ನು ಬಾಯಿಪಾಠದ ಬೆಲೆ ಎಷ್ಟು ಎಂಬುದು 2024ರ ಜುಲೈ 1ರಂದು ಗೊತ್ತಾಯಿತು. ಆ ದಿನ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಕೊಲೆಗೆ 302 ಎಂದು ಚಿಕ್ಕ ಮಕ್ಕಳಿಗೂ ಗೊತ್ತಿದ್ದ ನಂಬರ್ 103 ಆಯಿತು. ವಂಚನೆಯ 420 ಹೋಗಿ 318 ಆಯಿತು. ಎಫ್‌ಐಆರ್‌ನ 154ನೇ ಕಲಂ ಅದರ ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 173. ಆ ಸಾಲಿನ ಹುಡುಗರು ಉರು ಹೊಡೆದ ನಂಬರುಗಳು ರಾತ್ರಿ ಬೆಳಗಾಗುವುದರೊಳಗೆ ಹಳತಾದವು. ನನ್ನ ಸೀನಿಯರ್‌ಗೆ ಏನೂ ತೊಂದರೆಯಾಗಲಿಲ್ಲ. ಅವರು ಮೊದಲೂ ಪುಸ್ತಕ ತೆರೆದೇ ಜಾಮೀನು ಅರ್ಜಿ ಬರೆಯುತ್ತಿದ್ದರು, ಈಗಲೂ ಹಾಗೇ ಬರೆಯುತ್ತಾರೆ. ಜೋಯಿಸರು ಪಂಚಾಂಗ ಬಿಚ್ಚಿ ನೋಡಿಯೇ ಮುಹೂರ್ತ ಹೇಳುತ್ತಾರೆ, ಬಾಯಿಪಾಠ ಒಪ್ಪಿಸಿ ಎಂದು ಅವರನ್ನು ಯಾರಾದರೂ ಕೇಳಿದ್ದುಂಟಾ?

ಇಲ್ಲಿ ಕನ್ನಡ ಮೀಡಿಯಂನಿಂದ ಬಂದವರ ಮಾತನ್ನೂ ಹೇಳಬೇಕು. ಜರ್ಮನ್ ಹುಡುಗರು ಕಾನೂನನ್ನು ಮನೆಯ ಭಾಷೆಯಲ್ಲೇ ಓದುತ್ತಾರೆ. ವಾದ, ತೀರ್ಪು ಎಲ್ಲ ಅದೇ ಭಾಷೆ. ಅವರಿಗೂ ಕಲಮಿನ ಪದ ಪದ ನೆನಪಿರಲಿ ಎಂದು ಯಾರೂ ಬಯಸುವುದಿಲ್ಲ. ನಮ್ಮ ತಾಲ್ಲೂಕುಗಳ ಹುಡುಗ ಹುಡುಗಿಯರು ಹತ್ತೊಂಬತ್ತನೇ ಶತಮಾನದ ಇಂಗ್ಲಿಷಿನಲ್ಲಿರುವ ಕಲಮುಗಳನ್ನು ಅರ್ಥವಾಗಲಿ ಬಿಡಲಿ ಬಾಯಿಗೆ ತುಂಬಿಕೊಳ್ಳುತ್ತಾರೆ. ಒಂದು ಪದ ಮರೆತರೆ ಅಲ್ಲಿಗೆ ಇಡೀ ಉತ್ತರ ನಿಂತುಹೋಗುತ್ತದೆ. ಇವರಲ್ಲಿ ಎಷ್ಟೋ ಜನ ಮನೆಯಲ್ಲಿ ಗಡಿ ತಕರಾರು, ಪೋಡಿ, ಬಗರ್ ಹುಕುಂ ಗಲಾಟೆಗಳನ್ನು ನೋಡುತ್ತಾ ಬೆಳೆದವರು. ಕತೆ ಕೊಟ್ಟರೆ ಇಂಗ್ಲಿಷ್ ಮೀಡಿಯಂ ಹುಡುಗರಿಗಿಂತ ಒಂದು ಕೈ ಮೇಲೆಯೇ ಬರೆಯುತ್ತಾರೆ. ಪುಸ್ತಕ ಎದುರಿಗಿದ್ದರೆ ಅವರ ಭಯ ಅರ್ಧ ಕಮ್ಮಿಯಾಗುತ್ತದೆ.

ಹೈಡೆಲ್‌ಬರ್ಗ್‌ನ ಇನ್ನೊಂದು ವಿಷಯ ಹೇಳದೆ ಬಿಡಲಾರೆ. ನಮ್ಮ ಸಂವಿಧಾನ ತರಗತಿಯಲ್ಲಿ ಕೇಶವಾನಂದ ಭಾರತಿ ಪ್ರಕರಣ ಓದದವರಿಲ್ಲ. 13 ನ್ಯಾಯಮೂರ್ತಿಗಳು, 1973ರ ಏಪ್ರಿಲ್ 24ರ ತೀರ್ಪು, 7-6ರ ಬಹುಮತ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಅಳಿಸಲಾಗದು ಎಂಬ ತತ್ವ. ಅರ್ಜಿದಾರರಾದ ಎಡನೀರು ಮಠದ ಸ್ವಾಮೀಜಿ ಕಾಸರಗೋಡಿನವರು, ನಮ್ಮ ಭಾಷೆಯವರು. ಆ ತತ್ವಕ್ಕೆ ನೀರೆರೆದವರಲ್ಲಿ ಒಬ್ಬರು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಸ್ಥೆಯಲ್ಲಿದ್ದ ಪ್ರೊಫೆಸರ್ ಡೀಟ್ರಿಶ್ ಕಾನ್ರಾಡ್. 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಅವರು ಒಂದು ಉಪನ್ಯಾಸ ಕೊಟ್ಟರು. ತಿದ್ದುಪಡಿ ಮಾಡುವ ಅಧಿಕಾರಕ್ಕೆ ಒಳಗೇ ಅಡಗಿರುವ ಮಿತಿಗಳು ಏನು ಎಂಬುದು ವಿಷಯ.

ಅವರು ಅಲ್ಲಿ ಮಾಡಿದ್ದೇನು ಗೊತ್ತಾ? ಪ್ರಶ್ನೆ ಕೇಳಿದರು. ಮೂರನೇ ಎರಡು ಬಹುಮತ ಇದೆ ಎಂದು ಒಂದನೇ ವಿಧಿ ತಿದ್ದಿ ಭಾರತವನ್ನು ಎರಡು ದೇಶ ಮಾಡಬಹುದೇ? 21ನೇ ವಿಧಿ ತೆಗೆದುಹಾಕಿ ಕಾನೂನಿನ ಆಧಾರವೇ ಇಲ್ಲದೆ ಜನರ ಜೀವ ತೆಗೆಯಬಹುದೇ? ತಿದ್ದುಪಡಿ ಮಾಡಿಯೇ ಮೊಘಲ್ ಚಕ್ರವರ್ತಿಯನ್ನೋ ಇಂಗ್ಲೆಂಡಿನ ರಾಜಮನೆತನವನ್ನೋ ವಾಪಸ್ ಕರೆತರಬಹುದೇ? ಅವರ ದೇಶದಲ್ಲಿ ಹಿಟ್ಲರ್ ಕಾಲದಲ್ಲಿ ವೈಮಾರ್ ಸಂವಿಧಾನಕ್ಕೆ ಆದ ಗತಿ ಅವರ ಕಣ್ಣೆದುರಿಗಿತ್ತು. 1949ರ ಜರ್ಮನ್ ಸಂವಿಧಾನದ 79ನೇ ವಿಧಿ ಕೆಲವು ಮೂಲಭೂತ ಸಂಗತಿಗಳನ್ನು ತಿದ್ದುಪಡಿಗೆ ಸಿಗದಂತೆ ಬೀಗ ಹಾಕಿ ಇಟ್ಟಿದೆ. ವಕೀಲ ಎಂ.ಕೆ. ನಂಬಿಯಾರ್ ಕೇಶವಾನಂದಕ್ಕೂ ಮೊದಲಿನ ಗೋಲಕನಾಥ್ ಪ್ರಕರಣದಲ್ಲಿ ಕಾನ್ರಾಡ್ ವಾದವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. ಕೇಶವಾನಂದ ತೀರ್ಪಿನಲ್ಲಿ ನ್ಯಾಯಮೂರ್ತಿ ಖನ್ನಾ ಕಾನ್ರಾಡ್ ಹೆಸರನ್ನೇ ಉಲ್ಲೇಖಿಸಿದರು.

ನಮ್ಮ ಸಂವಿಧಾನದ ಅತಿ ದೊಡ್ಡ ತತ್ವದ ಬೇರು ಹುಡುಕುತ್ತಾ ಹೋದರೆ ಸಿಗುವುದು ಕೆಲವು ಕಟ್ಟುಕತೆಯ ಪ್ರಶ್ನೆಗಳು. ನಾವೋ, ಆ ತತ್ವದ ಮೇಲೆ 'ಲಘು ಟಿಪ್ಪಣಿ ಬರೆಯಿರಿ' ಎಂದು ಕೇಳುತ್ತೇವೆ.

ಜರ್ಮನಿಯದೆಲ್ಲ ಚೆನ್ನ ಎನ್ನುತ್ತಿಲ್ಲ. ಅಲ್ಲಿ ವರ್ಷಗಟ್ಟಲೆ ಓದಿದ್ದು ಕೊನೆಯ ಕೆಲವು ದಿನಗಳ ಪರೀಕ್ಷೆಯ ಮೇಲೆ ನಿಂತಿರುತ್ತದೆ. ಅಂಕ 18ಕ್ಕೆ. 4 ಬಂದರೆ ಪಾಸು, 9 ಬಂದರೆ ಮನೆಯಲ್ಲಿ ಹಬ್ಬ, 18 ತೆಗೆದವರನ್ನು ಕಂಡವರಿಲ್ಲ ಎಂದು ತಮಾಷೆ ಮಾಡುತ್ತಾರೆ. ಆ ಭಯಕ್ಕೆ ಖಾಸಗಿ ಕೋಚಿಂಗ್ ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ಪಂಡಿತರ ಭಿನ್ನಾಭಿಪ್ರಾಯಗಳನ್ನು ಅವರೂ ಉರು ಹೊಡೆಯುತ್ತಾರೆ. ರಜೆಯಲ್ಲಿ ಎಲ್ಲರಿಗೂ ಒಂದೇ ಕತೆ ಕೊಟ್ಟು ಬರೆದು ತನ್ನಿ ಎಂದಾಗ ಲೈಬ್ರರಿಯಲ್ಲಿ ಬೇಕಾದ ಪುಸ್ತಕವನ್ನು ಬೇರೆ ಕಪಾಟಿನಲ್ಲಿ ಬಚ್ಚಿಡುವವರೂ ಇದ್ದಾರೆ ಎಂದು ಅಲ್ಲಿಯ ಹುಡುಗರೇ ನಗುತ್ತಾ ಹೇಳುತ್ತಾರೆ. ಇದಾವುದೂ ನಮಗೆ ಬೇಡ. ಒಂದು ಪುಸ್ತಕ, ಒಂದು ಕತೆ. ಇಷ್ಟನ್ನೇ ನಾನು ಕೇಳುತ್ತಿರುವುದು.

ನೀವು ಏನು ಹೇಳುತ್ತೀರಿ ಎಂದು ಊಹಿಸಬಲ್ಲೆ. ಬೇರ್ ಆಕ್ಟ್ ಒಳಗೆ ಚೀಟಿ ಇಟ್ಟುಕೊಂಡು ಬರುತ್ತಾರೆ ಎನ್ನುತ್ತೀರಿ. ಹಾಗಾದರೆ ಕಾಲೇಜೇ ಪ್ರತಿಗಳನ್ನು ಇಟ್ಟುಕೊಂಡು ಹಾಲ್‌ನಲ್ಲಿ ಹಂಚಲಿ, ಮುಗಿದಮೇಲೆ ವಾಪಸ್ ತಗೊಳ್ಳಲಿ. ಪ್ರಶ್ನೆಗೆ ಬೇಕಾದ ಕಲಮುಗಳನ್ನಷ್ಟೇ ಪತ್ರಿಕೆಯ ಹಿಂದೆ ಅಚ್ಚು ಹಾಕಿಸಿದರೂ ಆಯಿತು, ಅದು ಇನ್ನೂ ಅಗ್ಗ. ಅಷ್ಟಕ್ಕೂ ಪ್ರಶ್ನೆ ಹೊಸ ಕತೆಯಾಗಿದ್ದರೆ ಚೀಟಿಯಲ್ಲಿ ಏನಂತ ಬರೆದುಕೊಂಡು ಬರುತ್ತಾರೆ?

ಮೌಲ್ಯಮಾಪನ ಕಷ್ಟ ಎನ್ನುವ ಮಾತಿನಲ್ಲಿ ಸತ್ಯ ಇದೆ, ಒಪ್ಪುತ್ತೇನೆ. ರಾಶಿ ಪೇಪರ್ ಎದುರಿಟ್ಟುಕೊಂಡು ಕೂತವರಿಗೆ ಪ್ರತಿ ಉತ್ತರದ ತರ್ಕ ಹಿಡಿದು ಹೋಗಲು ಸಮಯ ಬೇಕು. ಜರ್ಮನಿಯ ರಾಜ್ಯ ಪರೀಕ್ಷೆಯಲ್ಲಿ ಒಂದೊಂದು ಉತ್ತರಪತ್ರಿಕೆಯನ್ನು ಇಬ್ಬರು ನೋಡುತ್ತಾರೆ. ನಮ್ಮಲ್ಲಿ ಅಷ್ಟು ಜನ ಇಲ್ಲ, ಕೊಡುವ ಸಂಭಾವನೆಯೂ ಅಷ್ಟಕ್ಕಷ್ಟೆ. ಆದರೆ ಯಾವ ವಿವಾದ ಗುರುತಿಸಿದರೆ ಎಷ್ಟು, ಯಾವ ಕಲಂ ಹಿಡಿದರೆ ಎಷ್ಟು, ಸಂಗತಿಗೆ ಹೊಂದಿಸಿದರೆ ಎಷ್ಟು ಎಂದು ಸ್ಕೀಮ್ ಮಾಡಿಕೊಟ್ಟರೆ ಕೆಲಸ ನಡೆಯುತ್ತದೆ. ಉತ್ತರಗಳು ಗಿಡ್ಡವಾಗುತ್ತವೆ ಎಂಬ ಲಾಭವೂ ಇದೆ. ಹತ್ತು ಪುಟದ ಗೈಡ್ ನಕಲು ಓದುವುದಕ್ಕಿಂತ ಮೂರು ಪುಟದ ವಾದ ಓದುವುದು ನಿಮಗೂ ಹಿತ ಅಲ್ವಾ?

ಎಲ್ಲ ವಿಷಯಕ್ಕೂ ಒಂದೇ ಸಲ ಮಾಡಿ ಎನ್ನುವುದಿಲ್ಲ. ಕರಾರು ಕಾಯ್ದೆಯ ಒಂದು ಪತ್ರಿಕೆಯಿಂದ ಶುರು ಮಾಡಿ. ಅರ್ಧ ಅಂಕ ಹಳೆಯ ಕ್ರಮಕ್ಕಿರಲಿ, ಅರ್ಧ ಅಂಕ ಪುಸ್ತಕ ತೆರೆದು ಬಿಡಿಸುವ ಕತೆಗೆ ಇರಲಿ. ಒಂದು ವರ್ಷ ಮೊದಲೇ ಹೇಳಿ, ಮಾದರಿ ಪ್ರಶ್ನೆಗಳನ್ನು ಹಂಚಿ. ಪ್ರಶ್ನೆಗಳನ್ನು ಕಟ್ಟಲು ನಮ್ಮಂಥ ತಾಲ್ಲೂಕು ಕೋರ್ಟಿನ ವಕೀಲರನ್ನು ಕರೆಯಿರಿ. ಕತೆಗಳಿಗೆ ನಮ್ಮಲ್ಲಿ ಬರ ಇಲ್ಲ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೋರ್ಟಿನ ಜಗಲಿಯಲ್ಲಿ ನಿಂತರೆ ಬೇಕಾದಷ್ಟು ಸಿಗುತ್ತವೆ. ನಾನಂತೂ ಬಿಟ್ಟಿಯಾಗಿ ಬಂದು ಕೂರಲು ತಯಾರಿದ್ದೇನೆ.

ನನ್ನ ಕಡೆಯಿಂದ ಒಂದು ಮಾದರಿ ಪ್ರಶ್ನೆಯನ್ನು ಕೆಳಗೆ ಇಟ್ಟಿದ್ದೇನೆ. ಕಟ್ಟುಕತೆಯೇ. ಆದರೆ 2023ರಲ್ಲಿ ಕೆನಡಾದ ಕೋರ್ಟೊಂದು ಅಗಸೆ ಬೀಜದ ವ್ಯಾಪಾರದಲ್ಲಿ ಹೆಚ್ಚುಕಡಿಮೆ ಇಂಥದೇ ವ್ಯಾಜ್ಯ ತೀರ್ಮಾನಿಸಿದೆ. ಯಾವ ಕಡೆಗೆ ಎಂದು ಹೇಳುವುದಿಲ್ಲ.

ಇಂತಿ,
ನಿಮ್ಮ ಹಳೆಯ ವಿದ್ಯಾರ್ಥಿನಿ

ಮಾದರಿ ಪ್ರಶ್ನೆ

ಸಾಗರದ ಅಡಿಕೆ ವ್ಯಾಪಾರಿ 'ಎ', ರೈತ ಮಹಿಳೆ 'ಬಿ'ಗೆ ಸೋಮವಾರ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಹೀಗೆ ಕಳಿಸುತ್ತಾನೆ: 'ಅಕ್ಕ, ನಿಮ್ಮ 20 ಕ್ವಿಂಟಾಲ್ ಅಡಿಕೆ ನಾವು ಮಾತಾಡಿದ ರೇಟಿಗೆ ನಾನೇ ತಗೊಳ್ತೀನಿ, ಶುಕ್ರವಾರ ಗಾಡಿ ಕಳಿಸ್ತೀನಿ, ಆಗಬಹುದಾ?' ಬಿ ಮಾತಿಲ್ಲದೆ ಹೆಬ್ಬೆರಳು ಎತ್ತಿದ ಗುರುತನ್ನು ಕಳಿಸುತ್ತಾಳೆ. ಹಿಂದೆಯೂ ಎರಡು ಸಲ ಆಕೆ ಇದೇ ಗುರುತು ಕಳಿಸಿ, ಆಮೇಲೆ ಮಾಲು ಕೊಟ್ಟಿದ್ದಾಳೆ. ಗುರುವಾರ ರೇಟ್ ಏರುತ್ತದೆ. ಶುಕ್ರವಾರ ಗಾಡಿ ಬಂದಾಗ, 'ಮೆಸೇಜ್ ನೋಡಿದೆ ಅಂತ ತಿಳಿಸೋಕೆ ಒತ್ತಿದ್ದಪ್ಪ, ಕೊಡ್ತೀನಿ ಅಂತ ನಾನೆಲ್ಲಿ ಹೇಳಿದೆ?' ಎಂದು ಬಿ ಮಾಲು ಕೊಡುವುದಿಲ್ಲ. ಎ ಅಷ್ಟೇ ಅಡಿಕೆಯನ್ನು ಬೇರೆಯವರಿಂದ ಜಾಸ್ತಿ ಬೆಲೆಗೆ ಕೊಳ್ಳುತ್ತಾನೆ.

ಹೆಚ್ಚಿಗೆ ತೆತ್ತ ಹಣವನ್ನು ಎ ಆಕೆಯಿಂದ ಕೇಳಬಹುದೇ? ಕರಾರು ಕಾಯ್ದೆಯ 2, 3, 4, 7, 13 ಮತ್ತು 73ನೇ ಕಲಮುಗಳನ್ನು ನೋಡಿಕೊಂಡು ಉತ್ತರಿಸಿ. ಸಮಯ: ಎರಡು ಗಂಟೆ. ಬೇರ್ ಆಕ್ಟ್ ತರಬಹುದು.